ಪೊಲೀಸ್ ವಾಹನದ ತುರ್ತು ಚಾಲನೆ: ವೇಗಕ್ಕಿಂತ ತಲುಪುವುದೇ ಮುಖ್ಯ

112 ಸಂಖ್ಯೆಗೆ ಕರೆ ಬಂದೊಡನೆ ಗಸ್ತಿನಲ್ಲಿರುವ ಹೊಯ್ಸಳ ವಾಹನಕ್ಕೆ ಸಂದೇಶ ರವಾನೆಯಾಗುತ್ತದೆ. ಸೈರನ್ ಮೊಳಗಿಸುತ್ತಾ ವಾಹನ ಧಾವಿಸುತ್ತದೆ. ಸಂಕಷ್ಟದಲ್ಲಿರುವವರಿಗೆ ಪ್ರತಿ ನಿಮಿಷವೂ ಅಮೂಲ್ಯ, ನಿಜ. ಆದರೆ ವಾಹನವೇ ದಾರಿಯಲ್ಲಿ ಅಪಘಾತಕ್ಕೀಡಾದರೆ ಕರೆ ಮಾಡಿದವರಿಗೆ ನೆರವು ದೊರೆಯುವುದಿಲ್ಲ. ನೆರವು ಬೇಕಾದವರ ಸಂಖ್ಯೆಯಷ್ಟೇ ಹೆಚ್ಚುತ್ತದೆ.

ಕಾನೂನು ಏನು ಹೇಳುತ್ತದೆ?

2017ರ ಮೋಟಾರು ವಾಹನ (ಚಾಲನೆ) ನಿಯಮಗಳು ತುರ್ತು ಕರ್ತವ್ಯದಲ್ಲಿರುವ ವಾಹನಗಳಿಗೆ ಕೆಲವು ರಿಯಾಯಿತಿಗಳನ್ನು ನೀಡಿವೆ. ಜೀವರಕ್ಷಣೆಯಂತಹ ಅತಿ ತುರ್ತು ಸಂದರ್ಭದಲ್ಲಿ ಸೂಕ್ತ ಎಚ್ಚರಿಕೆಯೊಂದಿಗೆ ಕೆಂಪು ದೀಪವನ್ನು ದಾಟಬಹುದು, ವೇಗಮಿತಿಯನ್ನು ಮೀರಬಹುದು. ಆದರೆ ದೀಪ ಮಿನುಗುತ್ತಿರಬೇಕು, ಸೈರನ್ ಕೇಳಿಸುತ್ತಿರಬೇಕು. ಚಹಾ ಕುಡಿಯಲು ಹೊರಟಾಗಲೋ ಠಾಣೆಗೆ ಮರಳುವಾಗಲೋ ಈ ರಿಯಾಯಿತಿ ಅನ್ವಯಿಸದು. ದಾರಿಯ ಆದ್ಯತೆಯಲ್ಲಿಯೂ ಅಗ್ನಿಶಾಮಕ ವಾಹನ ಮತ್ತು ಆಂಬುಲೆನ್ಸ್‌ಗಳ ನಂತರವೇ ಪೊಲೀಸ್ ವಾಹನದ ಸರದಿ.

ರಿಯಾಯಿತಿ ಎಂದರೆ ಹೊಣೆಯಿಂದ ಮುಕ್ತಿಯಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕ ಚಾಲನೆಗೆ ಸಂಬಂಧಿಸಿದ 281ನೇ ಸೆಕ್ಷನ್ ಹಾಗೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದಕ್ಕೆ ಸಂಬಂಧಿಸಿದ 106ನೇ ಸೆಕ್ಷನ್ ಸಮವಸ್ತ್ರಧಾರಿಗಳಿಗೂ ಅನ್ವಯಿಸುತ್ತವೆ.

ಒಂದೂಕಾಲು ನಿಮಿಷದ ಲೆಕ್ಕ

5 ಕಿ.ಮೀ. ದೂರವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಕ್ರಮಿಸಲು 5 ನಿಮಿಷ ಬೇಕು. ವೇಗವನ್ನು 80ಕ್ಕೆ ಏರಿಸಿದರೆ ಉಳಿಯುವುದು ಕೇವಲ 75 ಸೆಕೆಂಡು. ಆದರೆ ಅಪಾಯವನ್ನು ಕಂಡ ಕ್ಷಣದಿಂದ ವಾಹನ ಪೂರ್ಣವಾಗಿ ನಿಲ್ಲುವಷ್ಟರಲ್ಲಿ ಕ್ರಮಿಸುವ ದೂರ, ಒಣ ರಸ್ತೆಯಲ್ಲಿಯೇ, ಸುಮಾರು 45 ಮೀಟರಿನಿಂದ 68 ಮೀಟರಿಗೆ ಏರುತ್ತದೆ. ಮಳೆಗೆ ತೊಯ್ದ ರಸ್ತೆಯಲ್ಲಿ ಅದು ಇನ್ನೂ ಹೆಚ್ಚು. ನಿಂತ ಬಸ್ಸಿನ ಮರೆಯಿಂದ ರಸ್ತೆಗೆ ಇಳಿಯುವ ಮಗುವಿನ ಪಾಲಿಗೆ ಈ ಅಂತರವೇ ನಿರ್ಣಾಯಕ.

ಪಾಲಿಸಬೇಕಾದ ಕ್ರಮಗಳು

* ಪಾಳಿಯ ಆರಂಭದಲ್ಲಿಯೇ ಬ್ರೇಕ್, ಟೈರ್, ವೈಪರ್, ದೀಪ ಹಾಗೂ ಸೈರನ್‌ಗಳನ್ನು ಪರೀಕ್ಷಿಸಬೇಕು.

* ಎಷ್ಟೇ ಅವಸರವಿದ್ದರೂ ವಾಹನದಲ್ಲಿರುವ ಎಲ್ಲರೂ ಸೀಟ್ ಬೆಲ್ಟ್ ಧರಿಸಬೇಕು.

* ವೈರ್‌ಲೆಸ್, ಮೊಬೈಲ್ ಹಾಗೂ ದಾರಿ ಹುಡುಕುವ ಕೆಲಸವನ್ನು ಪಕ್ಕದಲ್ಲಿರುವ ಸಿಬ್ಬಂದಿಗೆ ವಹಿಸಬೇಕು. ಚಾಲಕನ ಕಣ್ಣು ರಸ್ತೆಯ ಮೇಲೆಯೇ ಇರಬೇಕು.

* ವೃತ್ತಗಳಲ್ಲಿ ವೇಗ ತಗ್ಗಿಸಿ, ಅಗತ್ಯವಿದ್ದರೆ ನಿಲ್ಲಿಸಿ, ಪ್ರತಿ ಪಥದ ವಾಹನಗಳೂ ನಿಂತಿವೆಯೇ ಎಂದು ಖಚಿತಪಡಿಸಿಕೊಂಡು ದಾಟಬೇಕು. ಗಾಜು ಏರಿಸಿ ಹಾಡು ಕೇಳುತ್ತಿರುವ ಚಾಲಕನಿಗೆ ಸೈರನ್ ಕೇಳಿಸದಿರಬಹುದು.

* ಎರಡು ಪೊಲೀಸ್ ವಾಹನಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಗಬಾರದು. ಮೊದಲನೆಯದಕ್ಕೆ ದಾರಿ ಬಿಟ್ಟವರು ಮತ್ತೊಂದು ಬರುತ್ತಿದೆಯೆಂದು ತಿಳಿಯದೆ ಅಡ್ಡ ಬರುವ ಸಾಧ್ಯತೆಯಿದೆ.

ಬೆನ್ನಟ್ಟುವಾಗ

ಪರಾರಿಯಾಗುತ್ತಿರುವ ವಾಹನವನ್ನು ಬೆನ್ನಟ್ಟುವಾಗ ಉದ್ವೇಗದಿಂದ ದೃಷ್ಟಿ ಸಂಕುಚಿತಗೊಳ್ಳುತ್ತದೆ; ಮುಂದಿನ ವಾಹನವೊಂದನ್ನು ಬಿಟ್ಟರೆ ಅಕ್ಕಪಕ್ಕದ ಪಾದಚಾರಿಗಳು ಗಮನಕ್ಕೆ ಬಾರದಿರಬಹುದು. ನೋಂದಣಿ ಸಂಖ್ಯೆ, ಬಣ್ಣ, ಸಾಗುತ್ತಿರುವ ದಿಕ್ಕು ಇಷ್ಟನ್ನು ನಿಯಂತ್ರಣ ಕೊಠಡಿಗೆ ತಿಳಿಸಿದರೆ ಮುಂದೆ ನಾಕಾಬಂದಿ ಹಾಕಬಹುದು. ಶಾಲೆ, ಸಂತೆ, ಜನನಿಬಿಡ ಬೀದಿಗಳಲ್ಲಿ ಬೆನ್ನಟ್ಟುವುದನ್ನು ಕೈಬಿಡುವುದು ಸೋಲಲ್ಲ. ಆರೋಪಿಯನ್ನು ನಾಳೆ ಹಿಡಿಯಬಹುದು. ಹೋದ ಜೀವವನ್ನು ಮರಳಿ ತರಲಾಗದು.

ಸಾರ್ವಜನಿಕರ ಕರ್ತವ್ಯ

ಸೈರನ್ ಕೇಳಿಸಿದಾಗ ಗಾಬರಿಯಿಂದ ಹಠಾತ್ ಬ್ರೇಕ್ ಹಾಕದೆ, ಸೂಚನೆ ನೀಡಿ ರಸ್ತೆಯ ಅಂಚಿಗೆ ಸರಿಯಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194-ಇ ಸೆಕ್ಷನ್ ಅನ್ವಯ, ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂ. ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಸೈರನ್ ದಾರಿಯನ್ನು ಕೇಳುತ್ತದೆಯಷ್ಟೇ. ದಾರಿ ಸಿಕ್ಕಿದೆಯೇ ಎಂದು ನೋಡಿಕೊಂಡು ಮುಂದುವರಿಯಬೇಕಾದವನು ಚಾಲಕ.