ಹವ್ಯಾಸಿ ಎಂಬ ಬೇಲಿ

ಕಳೆದ ಚಳಿಗಾಲದಲ್ಲಿ ನಾನೊಂದು ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟೆ. 750 ಮೀಟರ್ ಈಜು, ನೀರಿನಿಂದೆದ್ದ ಕೂಡಲೇ 20 ಕಿಲೋಮೀಟರ್ ಸೈಕಲ್, ಸೈಕಲ್ಲಿನಿಂದ ಇಳಿದ ಕೂಡಲೇ 5 ಕಿಲೋಮೀಟರ್ ಓಟ. ನಡುವೆ ಬೂಟು ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅರ್ಜಿಯಲ್ಲಿ 'ಎಲೀಟ್', 'ಅಮೆಚೂರ್' ಎಂಬ ಎರಡು ಚೌಕಗಳಿದ್ದವು. ನಾನು ಎರಡನೆಯದಕ್ಕೆ ಗುರುತು ಹಾಕುವಾಗ ಅಪ್ಪ ಪಕ್ಕದಲ್ಲೇ ಕೂತಿದ್ದರು.

"ಅಮೆಚೂರ್ ಅಂದ್ರೆ ಎಂತ ಮಗಾ?"

"ಹವ್ಯಾಸಿ ಅಂತ."

"ಅಂದ್ರೆ ಅಷ್ಟ್ ಓಡಿದ್ರೂ ದುಡ್ಡ್ ಕೊಡೂದಿಲ್ಲ."

ದುಡ್ಡು ನಾವೇ ಕೊಡಬೇಕು ಎಂದಾಗ ಅವರು ಜೋರಾಗಿ ನಕ್ಕರು. ಅವರ ನಗುವಿನ ಬೆನ್ನು ಹಿಡಿದು ಹೋದಾಗ ಸಿಕ್ಕ ಚರಿತ್ರೆಯೇ ಈ ಬರಹ.

ಮೊದಲು ಪದದ ವಿಷಯ. ನಾವು ಇರುವುದು ದಹಿಸರ್‌ನಲ್ಲಿ, ಮುಂಬೈ ಮುಗಿಯುವ ಕಡೆ. ಪಕ್ಕದ ಮನೆಯ ಮರಾಠಿ ಅಜ್ಜಿಗೆ ನನಗೆ ಇದರ 'ಹವ್ಯಾಸ' ಇದೆ ಎಂದು ಹೇಳಿ ಪೇಚಿಗೆ ಸಿಕ್ಕಿಕೊಂಡಿದ್ದೆ. ಮರಾಠಿಯಲ್ಲಿ ಹವ್ಯಾಸ ಎಂದರೆ ದುರಾಸೆ, ತೀರದ ಹಂಬಲ. ನಾವು ಹವ್ಯಾಸಿ ಎನ್ನುವ ಕಡೆ ಅವರು 'ಹೌಶಿ' ಎನ್ನುತ್ತಾರೆ. ನಮ್ಮ ಹವ್ಯಾಸಿ ರಂಗಭೂಮಿ ಅವರಿಗೆ ಹೌಶಿ ರಂಗಭೂಮಿ. ಇಂಗ್ಲಿಷಿನ ಅಮೆಚೂರ್ ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದದ್ದು. ಅದರ ಮೂಲಾರ್ಥ 'ಪ್ರೀತಿಸುವವನು'. ಎಷ್ಟು ಸೌಮ್ಯವಾದ ಪದ ಅನ್ನಿಸುತ್ತದೆ. ಅದರ ನಡವಳಿಕೆ ಮಾತ್ರ ಯಾವಾಗಲೂ ಸೌಮ್ಯವಾಗಿರಲಿಲ್ಲ.

ಇಂಗ್ಲೆಂಡಿನ ಹೆನ್ಲಿ ಎಂಬಲ್ಲಿ ಥೇಮ್ಸ್ ನದಿಯ ಮೇಲೆ ನಡೆಯುವ ದೋಣಿ ಪಂದ್ಯಗಳು ಹೆಸರುವಾಸಿ. ಅಮೆಚೂರ್ ಎಂದರೆ ಯಾರು ಎಂಬುದಕ್ಕೆ ಅಲ್ಲಿನವರು 1879ರಲ್ಲಿ ಒಂದು ನಿಯಮ ಬರೆದರು. ಹಣಕ್ಕಾಗಿ ಸ್ಪರ್ಧಿಸಿದವರು ಅಮೆಚೂರ್ ಅಲ್ಲ ಎಂಬುದು ಸರಿಯೇ. ಆದರೆ ಕೂಲಿಗೆ ದುಡಿಯುವ ಮೆಕ್ಯಾನಿಕ್, ಕುಶಲಕರ್ಮಿ, ಕಾರ್ಮಿಕರೂ ಅಮೆಚೂರ್ ಆಗಲಾರರು ಎಂದು ಅದೇ ನಿಯಮ ಹೇಳಿತು. ಆತ ಪಂದ್ಯದಿಂದ ಒಂದು ಕಾಸೂ ಗಳಿಸಿರಬೇಕಾಗಿಲ್ಲ. ದಿನವಿಡೀ ಮೈಮುರಿದು ದುಡಿಯುತ್ತಾನೆ ಎಂಬುದೇ ಅನರ್ಹತೆ. ಫಿಲಡೆಲ್ಫಿಯಾದಲ್ಲಿ ಇಟ್ಟಿಗೆ ಕೆಲಸ ಮಾಡಿಕೊಂಡಿದ್ದ ಜಾನ್ ಕೆಲ್ಲಿಗೆ 1920ರಲ್ಲಿ ಹೆನ್ಲಿಯಲ್ಲಿ ಪ್ರವೇಶ ಸಿಗಲಿಲ್ಲ. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಆತ ಚಿನ್ನ ಗೆದ್ದ. ಕಾರ್ಮಿಕರನ್ನು ಹೊರಗಿಟ್ಟ ಆ ಸಾಲನ್ನು ಹೆನ್ಲಿ ತೆಗೆದುಹಾಕಿದ್ದು 1937ರಲ್ಲಿ.

ಒಲಿಂಪಿಕ್ಸ್‌ನಲ್ಲೂ ಈ ಪದ ಬಹಳ ಜನರನ್ನು ನೋಯಿಸಿತು. 1912ರ ಸ್ಟಾಕ್‌ಹೋಮ್‌ನಲ್ಲಿ ಪೆಂಟಥ್ಲಾನ್, ಡೆಕಥ್ಲಾನ್ ಎರಡನ್ನೂ ಗೆದ್ದ ಜಿಮ್ ಥೋರ್ಪ್ ಅಮೆರಿಕದ ಮೂಲನಿವಾಸಿ ಮನೆತನದವನು. ಹಿಂದೆ ಚಿಲ್ಲರೆ ಹಣಕ್ಕೆ ಬೇಸ್‌ಬಾಲ್ ಆಡಿದ್ದ ಎಂಬ ಕಾರಣಕ್ಕೆ ಮರುವರ್ಷವೇ ಅವನ ಪದಕಗಳನ್ನು ಕಿತ್ತುಕೊಂಡರು. ಅವನು ತೀರಿಕೊಂಡದ್ದು 1953ರಲ್ಲಿ. ಆ ಎರಡೂ ಪಂದ್ಯಗಳ ಏಕೈಕ ವಿಜೇತನೆಂದು ಅವನ ಹೆಸರು ಮತ್ತೆ ದಾಖಲಾದದ್ದು 2022ರಲ್ಲಿ.

ಟ್ರಯಥ್ಲಾನ್ ಹುಟ್ಟುವ ಹೊತ್ತಿಗೆ ಈ ಬೇಲಿ ಸಡಿಲವಾಗುತ್ತಿತ್ತು. 1974ರ ಸೆಪ್ಟೆಂಬರ್ 25, ಬುಧವಾರ ಸಂಜೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ, ಮಿಷನ್ ಬೇ ಎಂಬ ಕೊಲ್ಲಿಯ ದಂಡೆಯಲ್ಲಿ, ಊರಿನ ಓಟಗಾರರ ಕ್ಲಬ್ಬಿನ ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಒಂದು ಹೊಸ ಪಂದ್ಯ ಏರ್ಪಡಿಸಿದರು. ಪ್ರವೇಶ ಶುಲ್ಕ ಒಂದು ಡಾಲರ್. ಪಂದ್ಯ ಮುಗಿಸಿದವರು 46 ಮಂದಿ. ಹಿಂದುಳಿದವರು ಈಜು ಮುಗಿಸುವಷ್ಟರಲ್ಲಿ ಕತ್ತಲಾಯಿತು. ದಡದಲ್ಲಿ ಕಾರುಗಳನ್ನು ನಿಲ್ಲಿಸಿ ಹೆಡ್‌ಲೈಟಿನ ಬೆಳಕನ್ನು ನೀರಿಗೆ ಬಿಟ್ಟರು.

ಭಾಷಾವಿಜ್ಞಾನ ಓದಿದ ನನಗೆ ಇದರಲ್ಲಿ ಅತಿ ಇಷ್ಟವಾದ ಸಂಗತಿ ಬೇರೆ. ಟ್ರೋಫಿಯ ಮೇಲೆ ಅಕ್ಷರ ಕೆತ್ತುವವನು ಜಾನ್‌ಸ್ಟೋನ್‌ಗೆ ಫೋನ್ ಮಾಡಿ, ಈ ಪದದ ಸ್ಪೆಲಿಂಗ್ ಏನು, ನಿಘಂಟಿನಲ್ಲಿ ಸಿಗುತ್ತಿಲ್ಲ ಎಂದು ಕೇಳಿದನಂತೆ. ಜಾನ್‌ಸ್ಟೋನ್ ಪೆಂಟಥ್ಲಾನ್, ಡೆಕಥ್ಲಾನ್‌ಗಳ ಜಾಡು ಹಿಡಿದು ಕಾಗುಣಿತ ಹೇಳಿದ. ಹಿಂದಿನ ಭಾಗ ಗ್ರೀಕರ 'ಆಥ್ಲಾನ್', ಪಂದ್ಯದ ಬಹುಮಾನ. ಮುಂದಿನ 'ಟ್ರೈ' ನಮ್ಮ ಸಂಸ್ಕೃತದ 'ತ್ರಿ'ಗೆ ಒಡಹುಟ್ಟು.

ಆ ಸಂಜೆ ಭಾಗವಹಿಸಿದವರಲ್ಲಿ ನೌಕಾಪಡೆಯ ಜಾನ್ ಕಾಲಿನ್ಸ್ ಮತ್ತು ಅವರ ಹೆಂಡತಿ ಜೂಡಿ ಇದ್ದರು. ಇದೇ ದಂಪತಿ 1978ರಲ್ಲಿ ಹವಾಯಿಯಲ್ಲಿ ಐರನ್‌ಮ್ಯಾನ್ ಆರಂಭಿಸಿದರು. ಹೊರಟವರು 15, ಮುಟ್ಟಿದವರು 12. ಮುಂದೆ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಟ್ರಯಥ್ಲಾನ್ ಸೇರಿತು. ನಾನು ಹೆಸರು ಕೊಟ್ಟ ಸ್ಪ್ರಿಂಟ್ ಅಲ್ಲಿನ ದೂರದ ಅರ್ಧ.

ಅಷ್ಟರಲ್ಲಿ ಒಲಿಂಪಿಕ್ ನಿಯಮಗಳೂ ಸಡಿಲವಾಗಿ, ಹಣ ಪಡೆದು ಆಡುವವರಿಗೂ ಬಾಗಿಲು ತೆರೆದಿತ್ತು. ನನ್ನ ಅರ್ಜಿಯಲ್ಲಿ ಆ ಪದಕ್ಕೆ ಉಳಿದದ್ದು 'ವೇಗ ಕಮ್ಮಿ' ಎಂಬರ್ಥ ಮಾತ್ರ. ಹಾಗಾದರೆ ಬೇಲಿ ಹೋಯಿತೇ?

ಈಜನ್ನೇ ನೋಡಿ. ಈಜಲು ನೀರು ಬೇಕು. ಮುಂಬೈಯ ಮೂರು ಕಡೆ ಸಮುದ್ರವಿದ್ದರೂ ಈಜು ಕಲಿಯುವ ನೀರು ಯಾರ ಕೈಯಲ್ಲಿತ್ತು? ಬ್ರೀಚ್ ಕ್ಯಾಂಡಿಯ ಈಜುಕೊಳ ಬಿಳಿಯರಿಗೆಂದು ಕಟ್ಟಿದ್ದು. ಸ್ವಾತಂತ್ರ್ಯ ಬಂದು ವರ್ಷಗಳಾದರೂ ಭಾರತೀಯರಿಗೆ ತೆರೆದಿರಲಿಲ್ಲ. ಗಿರಗಾಂವ್ ಚೌಪಾಟಿಯ ಬಳಿಯ ಮಫತ್‌ಲಾಲ್ ಈಜುಕೊಳದ ಹೆಸರಿನಲ್ಲೇ 'ಹಿಂದೂ' ಎಂದಿದೆ. ನಮ್ಮ ಕಡೆಯ ಕತೆ ಬೇರೆ. 1957ರಲ್ಲಷ್ಟೇ ದಹಿಸರ್ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಬಂತು. ತುಳಸಿ ಕೆರೆಯ ಕಡೆಯಿಂದ ಕಾಡಿನೊಳಗೆ ಇಳಿದು ಬರುವ ದಹಿಸರ್ ನದಿಯಲ್ಲಿ ಹುಡುಗರು ಈಜುತ್ತಿದ್ದರು ಎಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ. ನಾನು ಕಂಡದ್ದು ಕಾಂಕ್ರೀಟ್ ಗೋಡೆಗಳ ನಡುವಿನ ಕಪ್ಪು ನೀರನ್ನು.

ಸೈಕಲ್ಲಿಗೂ ಈ ಊರಿನಲ್ಲಿ ಎರಡು ಚರಿತ್ರೆಗಳಿವೆ. 1923ರ ಅಕ್ಟೋಬರ್ 15ರಂದು ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಪಾರ್ಸಿ ತರುಣರು ಸೈಕಲ್ ಏರಿ ಜಗತ್ತು ಸುತ್ತಲು ಹೊರಟರು. ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ಮುಗಿಸಿ 1928ರ ಮಾರ್ಚ್‌ನಲ್ಲಿ ಮರಳಿದರು. ಅವರು ಬರೆದ ಪುಸ್ತಕಕ್ಕೆ ಮುನ್ನುಡಿ ನೆಹರೂ ಅವರದು. ಇದು ಪ್ರೀತಿಯ ಸೈಕಲ್, ಪುಸ್ತಕ ಕಂಡ ಸೈಕಲ್. ಹಾಲು, ಬ್ರೆಡ್ಡು, ಪೇಪರು, ಡಬ್ಬಾ ಹೊತ್ತು ಈ ಊರನ್ನು ದಿನವೂ ಸುತ್ತಿದ ಸೈಕಲ್‌ಗಳ ಕಿಲೋಮೀಟರ್ ಲೆಕ್ಕ ಇಟ್ಟವರಿಲ್ಲ.

ಅಂಥ ಒಂದು ಸೈಕಲ್ ಅಪ್ಪನದು. ಗಂಗೊಳ್ಳಿಯ ಹತ್ತಿರದವರು, ಹದಿನೈದಕ್ಕೇ ಊರು ಬಿಟ್ಟು ಅಂಧೇರಿಯ ಹೋಟೆಲೊಂದಕ್ಕೆ ಸೇರಿದವರು. ಹಗಲು ಮೇಜು ಒರೆಸಿ, ರಾತ್ರಿ ಶಾಲೆಗೆ ಓಡಿ, ನಸುಕಿನಲ್ಲಿ ಇಡ್ಲಿಯ ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿ ಕ್ಯಾಂಟೀನುಗಳಿಗೆ ಮುಟ್ಟಿಸುತ್ತಿದ್ದರು. ಈಜು ಅವರಿಗೆ ಊರಿನ ಹೊಳೆ ಕಲಿಸಿದ್ದು. ಮೂರೂ ಬರುತ್ತಿತ್ತು. ಹೆನ್ಲಿಯ ಹಳೆಯ ನಿಯಮ ಹಿಡಿದರೆ ಅವರು ಅಮೆಚೂರ್ ಆಗುತ್ತಿರಲಿಲ್ಲ. ಯಾವ ಎಲೀಟ್ ಪಟ್ಟಿಯಲ್ಲೂ ಅವರ ಹೆಸರು ಇರುತ್ತಿರಲಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ನಿಂತವು, ಫೋನ್ ಸತ್ತವು. ಅಪ್ಪ ಅಂಧೇರಿಯಿಂದ ನಡೆದು ಮನೆ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಒಂದು ಕಡೆ ನೀರು ಎದೆ ದಾಟಿದಾಗ ಹಗ್ಗದ ತುದಿ ಹಲ್ಲಲ್ಲಿ ಕಚ್ಚಿ ಈಜಿ, ಆಚೆ ಕಂಬಕ್ಕೆ ಕಟ್ಟಿ, ಹಿಂದಿದ್ದವರನ್ನು ದಾಟಿಸಿದರಂತೆ. ಅದನ್ನು ಅವರು ಹೇಳಿದ್ದು ಚಹಾ ಕುಡಿಯುತ್ತ, ಎರಡೇ ಮಾತಿನಲ್ಲಿ. ಹೈಸ್ಕೂಲು ಮುಗಿಸಿದ್ದ ನನಗೆ ಆಗ ಹೊಳೆದದ್ದು ಒಂದೇ: ಆ ಜಾಗದಲ್ಲಿ ನಾನಿದ್ದಿದ್ದರೆ ಈಚೆ ದಡದಲ್ಲೇ ಇರುತ್ತಿದ್ದೆ. ಅವರು ನನಗೆ ಇಂಗ್ಲಿಷ್ ಕೊಡಿಸಿದರು, ಎಂ.ಎ. ಓದಿಸಿದರು, ಈಜು ಕಲಿಸಲು ಅವರಿಗೆ ರಜೆ ಇರಲಿಲ್ಲ, ನಮ್ಮ ಹತ್ತಿರ ಹೊಳೆಯೂ ಇರಲಿಲ್ಲ.

ನಾನು ಈಜು ಕಲಿತದ್ದು ಮೂವತ್ತೆರಡಕ್ಕೆ, ತಿಂಗಳ ಶುಲ್ಕ ಕಟ್ಟಿ. ಅನುವಾದದ ಕೆಲಸವಾದ್ದರಿಂದ ಬೆಳಗಿನ ಎರಡು ಗಂಟೆ ನನ್ನದೇ. ಈಗಿನ ಬೇಲಿ ಇದೇ: ಶುಲ್ಕ, ಸೈಕಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಈ ಎರಡು ಗಂಟೆ. ಯಾವ ನಿಯಮದಲ್ಲೂ ಬರೆದಿಲ್ಲದ್ದರಿಂದ ಇದನ್ನು ತೆಗೆದುಹಾಕಲು ಯಾವ ಸಭೆಯೂ ಸೇರಬೇಕಾಗಿಲ್ಲ.

ಪಂದ್ಯದ ದಿನ 25 ಮೀಟರಿನ ಕೊಳದಲ್ಲಿ ಮೂವತ್ತು ಉದ್ದ. ಹದಿನೆಂಟರಲ್ಲಿ ಲೆಕ್ಕ ತಪ್ಪಿತು. ಸೈಕಲ್ ಇಳಿದಾಗ ಕಾಲುಗಳು ಬೇರೆಯವರದ್ದು ಅನ್ನಿಸಿದವು. ಮೊದಲ ಕಿಲೋಮೀಟರು ಓಡಿದೆನೋ ಎಡವಿದೆನೋ ತಿಳಿಯದು. ಎರಡು ಗಂಟೆ ನಾಲ್ಕು ನಿಮಿಷಕ್ಕೆ ಮುಗಿಸಿದೆ, ಕೊನೆಯಿಂದ ಒಂಬತ್ತನೆಯವಳಾಗಿ.

ಅಪ್ಪ ಬೇಲಿಯಾಚೆ ಫ್ಲಾಸ್ಕ್ ಹಿಡಿದು ನಿಂತಿದ್ದರು. ಶಹಬ್ಬಾಸ್ ಎನ್ನಲಿಲ್ಲ.

"ಓಡದ್ದ್ ಅಡ್ಡಿಲ್ಲ. ನೀರಂಗೆ ಕಾಲ್ ಬಡಿಯೂದ್ ಜಾಸ್ತಿ ಆಯ್ತ್ ಮಗಾ, ಕೈಯಂಗೆ ನೀರ್ ಹಿಡಿಯೂದ್ ಕಮ್ಮಿ."

ನನ್ನ ಕೋಚ್ ನಾಲ್ಕು ತಿಂಗಳು ಹೇಳಿದ್ದೂ ಅದನ್ನೇ. ಮುಂದಿನ ಸೋಮವಾರ ಅಪ್ಪನನ್ನೂ ಕೊಳಕ್ಕೆ ಸೇರಿಸಲು ಅರ್ಜಿ ತಂದೆ. ಡಾಕ್ಟರರ ಸಹಿ ಬೇಕಿತ್ತು, ಎರಡು ಫೋಟೋ ಬೇಕಿತ್ತು. 'ಈಜು ಬರುತ್ತದೆಯೇ?' ಎಂಬ ಪ್ರಶ್ನೆಯ ಮುಂದೆ ಅವರು ಕನ್ನಡಕ ಸರಿ ಮಾಡಿಕೊಂಡು ತಾವೇ ಗುರುತು ಹಾಕಿದರು.