ಸೇನೆಯ ಹಳೇ ಡೀಸೆಲ್ ಪಿಕಪ್ ಇನ್ನೂ ಓಡುತ್ತಿರುವುದು ಹೇಗೆ?

1980ರ ದಶಕದಲ್ಲಿ ಅಮೆರಿಕದ ಸೇನೆ ಒಂದು ಸರಳ ಲೆಕ್ಕ ಹಾಕಿತು. ಯುದ್ಧದ ಮುಂಚೂಣಿಗೆ ಹೋಗದ ಕೆಲಸಗಳಿಗೆ ಹೊಸದಾಗಿ ಮಿಲಿಟರಿ ಗಾಡಿ ವಿನ್ಯಾಸ ಮಾಡಿಸೋದ್ಯಾಕೆ? ಮಾರುಕಟ್ಟೆಯಲ್ಲಿರುವ ಪಿಕಪ್ಪನ್ನೇ ತುಸು ಬದಲಿಸಿಕೊಂಡರಾಯಿತು. ಹಾಗೆ ಜನರಲ್ ಮೋಟರ್ಸ್‌ನ ಷೆವ್ರೊಲೆ ಪಿಕಪ್ ಸೇನೆ ಸೇರಿ 'ಎಂ1008' ಆಯಿತು. ಈ ಸರಣಿಯ ಗಾಡಿಗಳನ್ನು ಒಟ್ಟಾಗಿ 'ಸಿಯುಸಿವಿ' ಅನ್ನುತ್ತಾರೆ. ಸೇನೆ ಹರಾಜು ಹಾಕಿದ ಈ ಗಾಡಿಗಳನ್ನು ಅಲ್ಲಿನ ಜನ ಇವತ್ತಿಗೂ ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುತ್ತಿದ್ದಾರೆ. ಮೆಕ್ಯಾನಿಕಲ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದು ಬರೀ ಹವ್ಯಾಸದ ಕಥೆಯಾಗಿ ಕಾಣಲಿಲ್ಲ.

ಒಳಗೇನಿದೆ?

6.2 ಲೀಟರ್‌ನ ವಿ8 ಡೀಸೆಲ್ ಇಂಜಿನ್. ಸುಮಾರು 135 ಅಶ್ವಶಕ್ತಿ. ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ, ಅದನ್ನು ಆಳುವ ಕಂಪ್ಯೂಟರ್ ಇಲ್ಲ. ವಿಚಿತ್ರ ಇರೋದು ಕರೆಂಟಿನಲ್ಲಿ: ಲೈಟು, ಹಾರ್ನ್ ಎಲ್ಲ 12 ವೋಲ್ಟ್, ಆದರೆ ಸ್ಟಾರ್ಟ್ ಮಾಡಲು 24 ವೋಲ್ಟ್. ಅದಕ್ಕಾಗಿ ಎರಡು ಬ್ಯಾಟರಿ, ಎರಡು ಆಲ್ಟರ್ನೇಟರ್.

ಮೊದಲು ಕೈಕೊಡುವುದು

ಚಳಿಯಲ್ಲಿ ಇಂಜಿನ್ ಬಿಸಿ ಮಾಡುವ ಗ್ಲೋ ಪ್ಲಗ್‌ಗಳು, ಅಂದರೆ ನಮ್ಮ ಗ್ಯಾರೇಜುಗಳ 'ಹೀಟರ್ ಪ್ಲಗ್'. ಇವು 12 ವೋಲ್ಟಿನವು. 24 ವೋಲ್ಟನ್ನು ತಗ್ಗಿಸಿ ಇವುಗಳಿಗೆ ಕೊಡಲು ಇಂಜಿನ್ ಕೋಣೆಯ ಹಿಂಗೋಡೆಯಲ್ಲಿ ರೆಸಿಸ್ಟರ್‌ಗಳಿವೆ. ಎಂಟು ಪ್ಲಗ್‌ಗಳಲ್ಲಿ ಒಂದೆರಡು ಸತ್ತರೆ ಒಟ್ಟು ಕರೆಂಟ್ ಇಳಿಯುತ್ತದೆ, ರೆಸಿಸ್ಟರ್ ತಡೆಯುವ ವೋಲ್ಟೇಜೂ ಇಳಿಯುತ್ತದೆ, ಉಳಿದ ಪ್ಲಗ್‌ಗಳಿಗೆ ಹೆಚ್ಚಿನ ವೋಲ್ಟೇಜ್ ನುಗ್ಗುತ್ತದೆ. ಹೀಗೆ ಒಂದರ ಹಿಂದೆ ಒಂದು ಸುಡುತ್ತವೆ. ಪಿಯುಸಿಯ ಓಮ್ ನಿಯಮ, ಅಷ್ಟೇ.

ಪರಿಹಾರವೂ ಸುಲಭ. ರೆಸಿಸ್ಟರ್ ಬಿಟ್ಟು, ಫ್ಯೂಸ್ ಹಾಕಿ, ನೇರ 12 ವೋಲ್ಟ್ ಲೈನ್ ಕೊಡುವುದು. ಪ್ಲಗ್‌ಗಳನ್ನು ಆನ್-ಆಫ್ ಮಾಡುವ ಕಂಟ್ರೋಲರ್ ಕೆಟ್ಟಿದ್ದರೆ ಕೆಲವರು ಡ್ಯಾಶ್‌ಬೋರ್ಡಿಗೆ ಒಂದು ಒತ್ತುಗುಂಡಿ ಹಾಕಿಕೊಳ್ಳುತ್ತಾರೆ.

ಕೊಳ್ಳುವವರು ನೋಡಬೇಕಾದ್ದು

- ಡೀಸೆಲ್ ವಾಪಸ್ ಹೋಗುವ ಪೈಪಿಗೆ ಒಂದು ತುಂಡು ಪಾರದರ್ಶಕ ಕೊಳವೆ ಹಾಕಿ. ಗುಳ್ಳೆ ಕಂಡರೆ ಎಲ್ಲೋ ಏರ್ ಎಳೆಯುತ್ತಿದೆ. ಕಪ್ಪು ಚೂರು ಕಂಡರೆ ಪಂಪಿನೊಳಗಿನ ಹಳೆಯ ಬಳೆ ಪುಡಿಯಾಗುತ್ತಿದೆ, ಪಂಪ್ ಇಳಿಸಲೇಬೇಕು.
- ಸ್ಟಾರ್ಟರ್ ಮೋಟರನ್ನು ಇಂಜಿನ್‌ಗೆ ಹಿಡಿದಿಡುವ ಚಿಕ್ಕ ಬ್ರ್ಯಾಕೆಟ್ ಇದೆಯೇ ನೋಡಿ. ಅದಿಲ್ಲದೆ ಓಡಿಸಿದರೆ ಅದುರಿ ಅದುರಿ ಬ್ಲಾಕೇ ಬಿರುಕು ಬಿಡಬಹುದು.
- ಕ್ರ್ಯಾಂಕ್‌ಶಾಫ್ಟ್‌ನ ಮುಂತುದಿಯಲ್ಲಿರುವ ಬ್ಯಾಲೆನ್ಸರ್‌ನ ರಬ್ಬರ್ ಒಣಗಿದ್ದರೆ ಬದಲಿಸಿ. ಇಲ್ಲದಿದ್ದರೆ ಶಾಫ್ಟ್ ತುಂಡಾಗುವ ಅಪಾಯವಿದೆ.
- ಮೂರೇ ಗೇರು, ಆಕ್ಸಲ್ ಅನುಪಾತ 4.56. ಗಂಟೆಗೆ 88 ಕಿ.ಮೀ. ವೇಗಕ್ಕೇ ಇಂಜಿನ್ ನಿಮಿಷಕ್ಕೆ ಸುಮಾರು 2,700 ಸುತ್ತು ತಿರುಗುತ್ತದೆ. ಹೆದ್ದಾರಿಯಲ್ಲಿ ಓಡಿಸುವವರು ಆಕ್ಸಲ್ ಗೇರ್ ಇಲ್ಲವೇ ಗೇರ್‌ಬಾಕ್ಸ್ ಬದಲಿಸುತ್ತಾರೆ.

ಗುಟ್ಟು ಇಂಜಿನ್ನಿನಲ್ಲಿಲ್ಲ

ಇಷ್ಟೆಲ್ಲ ಸಾಧ್ಯವಾಗಿದ್ದು ಇಂಜಿನ್ ಗಟ್ಟಿಮುಟ್ಟು ಅಂತಲ್ಲ. ಮೇಲಿನ ಪಟ್ಟಿ ನೋಡಿದರೆ ಅದರ ದೌರ್ಬಲ್ಯಗಳೂ ಕಡಿಮೆಯಿಲ್ಲ. ಎರಡು ಕಾರಣಗಳಿವೆ. ಒಂದು, ಬಿಡಿಭಾಗಗಳಲ್ಲಿ ಬಹುಪಾಲು ಸಾಮಾನ್ಯ ಪಿಕಪ್ಪಿನವೇ. ಎರಡು, ಕೈಪಿಡಿ. ಸೇನೆಯ ಟಿಎಂ 9-2320-289 ಸರಣಿಯಲ್ಲಿ ಚಾಲಕನಿಗೊಂದು, ಘಟಕದ ಮೆಕ್ಯಾನಿಕ್‌ಗೊಂದು, ದೊಡ್ಡ ವರ್ಕ್‌ಶಾಪಿಗೊಂದು ಪುಸ್ತಕವಿದೆ. ವೈರಿಂಗ್ ನಕ್ಷೆ ಸಮೇತ ಯಾರು ಬೇಕಾದರೂ ಓದಬಹುದು.

ಅದೇ ಸೇನೆಯ ಇವತ್ತಿನ ಸ್ಥಿತಿ ನೋಡಿ. ಎಷ್ಟೋ ಉಪಕರಣಗಳ ತಾಂತ್ರಿಕ ಮಾಹಿತಿ ಕಂಪನಿಗಳ ಕೈಯಲ್ಲಿದೆ. ಖರೀದಿ ಒಪ್ಪಂದಗಳಲ್ಲಿ ರಿಪೇರಿ ಹಕ್ಕಿನ ಷರತ್ತು ಸೇರಿಸಿ ಅಂತ 2025ರ ಏಪ್ರಿಲ್‌ನಲ್ಲಿ ರಕ್ಷಣಾ ಕಾರ್ಯದರ್ಶಿಯೇ ಲಿಖಿತ ಸೂಚನೆ ಕೊಡಬೇಕಾಯಿತು. ಜಗತ್ತಿನ ಅತಿ ಶಕ್ತ ಗಿರಾಕಿಯ ಪಾಡೇ ಹೀಗಿದ್ದರೆ ನಮ್ಮದೇನು? ನನ್ನ ಎಲೆಕ್ಟ್ರಿಕ್ ಸ್ಕೂಟರ್ ಕೆಟ್ಟಾಗ ಬೀದಿ ತುದಿಯ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: "ಕೋಡ್ ತೋರಿಸ್ತಿದೆ ಸಾರ್. ಅದನ್ನ ಓದೋ ಸಾಫ್ಟ್‌ವೇರ್ ನಮಗೆ ಕೊಡಲ್ಲ."

ಹಾಗಾದರೆ ಹೊಗೆ?

ಈ ಪ್ರಶ್ನೆ ನ್ಯಾಯವಾದದ್ದೇ. ಹಳೇ ಡೀಸೆಲ್ ಮಸಿ ಉಗುಳುತ್ತದೆ, ನಗರದ ದಿನನಿತ್ಯದ ಓಡಾಟಕ್ಕೆ ಅದು ಬೇಡ. ಹೊಗೆ ತಗ್ಗಿಸಲು ಸೆನ್ಸರ್, ಕಂಪ್ಯೂಟರ್ ಬೇಕೇಬೇಕು. ಆದರೆ ಆ ಕಂಪ್ಯೂಟರಿಗೆ ಬೀಗ ಬೇಕಿಲ್ಲ. ಶುದ್ಧ ಗಾಡಿ ಬೇಕು ಅನ್ನುವುದಕ್ಕೂ ರಿಪೇರಿ ಹಕ್ಕು ಬೇಕು ಅನ್ನುವುದಕ್ಕೂ ಜಗಳವಿಲ್ಲ. ಜಗಳ ಇದೆ ಅಂತ ಬಿಂಬಿಸಿದರೆ ಲಾಭ ಯಾರಿಗೆ ಅನ್ನೋದನ್ನ ನೀವೇ ಯೋಚಿಸಿ.

ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ, ನಾಲ್ಕೂ ಅದರ ವ್ಯಾಪ್ತಿಯಲ್ಲಿವೆ. ಸಾರ್ವಜನಿಕ ಹಣದಲ್ಲಿ ಬಸ್ಸು, ಆಂಬುಲೆನ್ಸು ಕೊಳ್ಳುವ ಸರ್ಕಾರಗಳು ಕಾನೂನಿಗೆ ಕಾಯಬೇಕಾಗಿಯೂ ಇಲ್ಲ. ಟೆಂಡರ್‌ನಲ್ಲೇ ಒಂದು ಸಾಲು ಬರೆಯಬಹುದು: ಗಾಡಿಯ ಜೊತೆ ಕೈಪಿಡಿ ಮತ್ತು ಸಾಫ್ಟ್‌ವೇರ್ ಕೀಲಿ ಕೊಡತಕ್ಕದ್ದು. ನಿಮ್ಮ ಶಾಸಕರನ್ನು ಕೇಳಲು ಇಷ್ಟು ಸಾಕು.