ಇಂಧನಕೋಶಗಳ ಇಂಗಾಲ ವೇಗವರ್ಧಕಗಳು

ಜಲಜನಕವನ್ನು ಸುಡದೆಯೇ ಆಮ್ಲಜನಕದೊಡನೆ ಸಂಯೋಗಗೊಳಿಸಿ, ಆ ಸಂಯೋಗದ ಶಕ್ತಿಯನ್ನು ನೇರವಾಗಿ ವಿದ್ಯುತ್ತಿನ ರೂಪದಲ್ಲಿ ಪಡೆಯುವ ಇಂಧನಕೋಶಗಳಲ್ಲಿ, ಆಮ್ಲಜನಕದ ಅಪಕರ್ಷಣವನ್ನು ತ್ವರೆಗೊಳಿಸಲು ಪ್ಲಾಟಿನಮ್ಮಿಗೆ ಪ್ರತಿಯಾಗಿ ಬಳಸತಕ್ಕ ಇಂಗಾಲದ ನ್ಯಾನೋದ್ರವ್ಯಗಳು. ವೇಲ್ಸ್ ದೇಶದ ವಿಲಿಯಂ ಗ್ರೋವ್ 1839ರಲ್ಲಿ ಇಂಥ ಕೋಶದ ಮೂಲತತ್ತ್ವವನ್ನು ತೋರಿಸಿಕೊಟ್ಟಾಗಲೇ ಅದರ ವಿದ್ಯುದ್ವಾರಗಳು ಪ್ಲಾಟಿನಮ್ಮಿನವಾಗಿದ್ದವು. ಆ ದುಬಾರಿ ಲೋಹದ ಹಂಗು ಇಂದಿಗೂ ಪೂರ್ಣವಾಗಿ ಹರಿದಿಲ್ಲ. ಆಮ್ಲಜನಕದ ಎರಡು ಪರಮಾಣುಗಳನ್ನು ಬೆಸೆದಿರುವ ಬಂಧವು ಅತಿ ದೃಢವಾದುದರಿಂದ, ಜಲಜನಕದ ಪಾರ್ಶ್ವದಲ್ಲಿ ಲೀಲೆಯಿಂದ ಸಾಗುವ ಕ್ರಿಯೆ ಈ ಪಾರ್ಶ್ವದಲ್ಲಿ ಬಲು ಮಂದವಾಗುತ್ತದೆ, ಸಿದ್ಧಾಂತದಂತೆ ದೊರೆಯಬೇಕಾದ 1.23 ವೋಲ್ಟಿನಲ್ಲಿ ಗಣ್ಯವಾದ ಪಾಲು ಇಲ್ಲಿಯೇ ನಷ್ಟವಾಗುತ್ತದೆ. ಅಣುವೊಂದು ನಾಲ್ಕು ಎಲೆಕ್ಟ್ರಾನುಗಳನ್ನು ಸ್ವೀಕರಿಸಿದರೆ ನೀರಾಗುವುದು. ಎರಡಕ್ಕೇ ನಿಂತರೆ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿ ಕೋಶದ ಎರಡು ವಿದ್ಯುದ್ವಾರಗಳನ್ನು ಬೇರ್ಪಡಿಸುವ ಪೊರೆಗೇ ಅಪಾಯ ತರುವುದು.

ಪ್ಲಾಟಿನಮ್ಮನ್ನು ಬಿಟ್ಟ ದಾರಿಯೊಂದನ್ನು ತೋರಿಸಿದವನು ರೇಮಂಡ್ ಜಸಿನ್ಸ್ಕಿ. ನಾಲ್ಕು ಸಾರಜನಕಗಳ ನಡುವೆ ಲೋಹದ ಪರಮಾಣುವೊಂದನ್ನು ಹಿಡಿದಿಟ್ಟಿರುವ, ರಕ್ತದ ಹೀಮ್‌ನಲ್ಲಿಯೂ ಪ್ರಕೃತಿ ಅನುಸರಿಸಿರುವ ವಿನ್ಯಾಸವುಳ್ಳ ಕೋಬಾಲ್ಟ್ ಥ್ಯಾಲೋಸಯನಿನ್ ಕ್ಷಾರದ್ರಾವಣದಲ್ಲಿ ಈ ಕಾರ್ಯವನ್ನು ಮಾಡಬಲ್ಲುದೆಂದು ಆತ 1964ರಲ್ಲಿ ಪ್ರಕಟಿಸಿದನು. ಇಂಥ ಸಂಯುಕ್ತಗಳನ್ನು ಇಂಗಾಲಕ್ಕೆ ಲೇಪಿಸಿ ಜಡವಾಯುವಿನಲ್ಲಿ ಕಾಯಿಸಿದರೆ ಬಾಳಿಕೆ ಹೆಚ್ಚುವುದೆಂಬುದು ಮುಂದಿನ ದಶಕದಲ್ಲಿ ತಿಳಿಯಿತು. 1989ರಲ್ಲಿ ಕ್ಲೀವ್‌ಲ್ಯಾಂಡಿನ ಅರ್ನೆಸ್ಟ್ ಯೇಗರ್ ಮತ್ತು ಸಂಗಡಿಗರು, ಬೆಲೆಬಾಳುವ ಆ ಸಂಯುಕ್ತವೇ ಬೇಕೆಂದಿಲ್ಲ, ಪಾಲಿಅಕ್ರೈಲೋನೈಟ್ರೈಲಿನಂಥ ಸಾರಜನಕಯುಕ್ತ ಪದಾರ್ಥವನ್ನು ಲೋಹಲವಣ ಹಾಗೂ ಇಂಗಾಲದೊಡನೆ ಕಾಯಿಸಿದರೂ ಸಾಕೆಂದು ತೋರಿಸಿದರು.

1991ರಲ್ಲಿ ಸುಮಿಯೊ ಇಜಿಮಾ ವರ್ಣಿಸಿದ ಇಂಗಾಲದ ನ್ಯಾನೋನಳಿಕೆಗಳು ಈ ಕಥೆಯೊಳಗೆ ನಿಜವಾಗಿ ಪ್ರವೇಶಿಸಿದ್ದು 2009ರಲ್ಲಿ. ಅಮೆರಿಕದ ಡೇಟನ್ ವಿಶ್ವವಿದ್ಯಾಲಯದಲ್ಲಿ ಲಿಮಿಂಗ್ ಡಾಯ್ ಮತ್ತು ಸಹೋದ್ಯೋಗಿಗಳು ಕಬ್ಬಿಣದ ಥ್ಯಾಲೋಸಯನಿನ್ನನ್ನು ಅಮೋನಿಯದೊಡನೆ ಕಾಯಿಸಿ, ಪೈರಿನಂತೆ ಒತ್ತೊತ್ತಾಗಿ ನೆಟ್ಟಗೆ ನಿಂತ ಸಾರಜನಕಮಿಶ್ರಿತ ನಳಿಕೆಗಳನ್ನು ಬೆಳೆಸಿ, ಉಳಿದ ಕಬ್ಬಿಣವನ್ನು ವಿದ್ಯುದ್ರಾಸಾಯನಿಕವಾಗಿ ತೊಳೆದು ಪರೀಕ್ಷಿಸಿದರು. ಕ್ಷಾರದ್ರಾವಣದಲ್ಲಿ, ಹೆಚ್ಚುಕಡಿಮೆ ಒಂದೇ ವಿಭವದಲ್ಲಿ, ಚದರ ಸೆಂಟಿಮೀಟರಿಗೆ ಪ್ಲಾಟಿನಂ ಕೊಟ್ಟದ್ದು 1.1 ಮಿಲಿಆಂಪಿಯರಾದರೆ ನಳಿಕೆಗಳು ಕೊಟ್ಟದ್ದು 4.1, ಪ್ಲಾಟಿನಮ್ಮನ್ನು ವಿಷದಂತೆ ಕೆಡಿಸುವ ಕಾರ್ಬನ್ ಮಾನಾಕ್ಸೈಡಿಗೂ ಅವು ಕುಗ್ಗಲಿಲ್ಲ. ಸಾರಜನಕವು ನೆರೆಯ ಇಂಗಾಲದಿಂದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಆ ಇಂಗಾಲ ತುಸು ಧನಾವೇಶ ತಳೆದು ಆಮ್ಲಜನಕಕ್ಕೆ ಎಡೆಗೊಡುತ್ತದೆ ಎಂಬುದು ಅವರ ವಿವರಣೆ. ಅದೇ ವರ್ಷ ಬೆಂಗಳೂರಿನ ಸಿ.ಎನ್.ಆರ್. ರಾವ್ ಬಳಗವು ಬೋರಾನ್ ಮತ್ತು ಸಾರಜನಕಗಳನ್ನು ಬೆರೆಸಿದ ಗ್ರ್ಯಾಫೀನನ್ನು (ಒಂದೇ ಪರಮಾಣುವಿನ ದಪ್ಪದ ಇಂಗಾಲದ ಹಾಳೆ) ತಯಾರಿಸುವ ವಿಧಾನಗಳನ್ನು ಪ್ರಕಟಿಸಿತು. 2010ರಿಂದೀಚೆಗೆ ಇಂಥ ಗ್ರ್ಯಾಫೀನೂ ಪರೀಕ್ಷೆಗೆ ಬಂದಿತು.

ಹೀಗೆ ‘ಲೋಹರಹಿತ’ವೆಂದು ಹೆಸರಾದ ದ್ರವ್ಯಗಳಲ್ಲಿ ನಿಜವಾಗಿ ದುಡಿಯುತ್ತಿರುವುದು ಇಂಗಾಲವೋ, ತೊಳೆದರೂ ಹೋಗದೆ ಅಡಗಿರುವ ಕಬ್ಬಿಣ, ಮ್ಯಾಂಗನೀಸುಗಳ ಲೇಶವೋ ಎಂಬ ಸಂಶಯ ಬಲವಾಗಿ ಎದ್ದಿತು, ಅತ್ಯಲ್ಪ ಲೋಹವೂ ಫಲಿತಾಂಶವನ್ನು ಬದಲಿಸಬಲ್ಲುದೆಂದು ಹಲವು ಪ್ರಯೋಗಾಲಯಗಳು ತೋರಿಸಿದವು. ಹೊಸ ಹೊಸ ವೇಗವರ್ಧಕಗಳ ವರದಿಗಳಿಗಿಂತ ಈ ವಾದದಿಂದಲೇ ಶಾಸ್ತ್ರಕ್ಕೆ ಹೆಚ್ಚಿನ ಉಪಕಾರವಾಯಿತೆಂದು ಹೇಳಬೇಕು, ಏಕೆಂದರೆ ಜಪಾನಿನ ತ್ಸುಕುಬಾದ ಸಂಶೋಧಕರು 2016ರಲ್ಲಿ ಶುದ್ಧ ಗ್ರ್ಯಾಫೈಟಿಗೆ ಸಾರಜನಕ ಬೆರೆಸಿದ ಮಾದರಿಗಳನ್ನೇ ರೂಪಿಸಿ, ಪಿರಿಡಿನ್ ಮಾದರಿಯ, ಎಂದರೆ ಉಂಗುರದಲ್ಲಿ ಎರಡೇ ಇಂಗಾಲಗಳಿಗೆ ಬೆಸೆದಿರುವ, ಸಾರಜನಕದ ಪಕ್ಕದ ಇಂಗಾಲವೇ ಕ್ರಿಯಾಸ್ಥಾನವೆಂದು ನಿರೂಪಿಸಲು ಹೊರಟಿದ್ದು ಇಂಥ ಸಂಶಯವನ್ನು ಪರಿಹರಿಸಬೇಕೆಂಬ ಅಗತ್ಯದಿಂದಲೇ.

ವಾಹನಗಳ ಕೋಶಗಳಲ್ಲಿರುವ ಆಮ್ಲೀಯ ಪರಿಸರದಲ್ಲಿ ಮಾತ್ರ ಕಬ್ಬಿಣವನ್ನು ಉಳಿಸಿಕೊಂಡ ಇಂಗಾಲಗಳೇ ಮುಂದಿವೆ. ಕೆನಡದ ಕ್ವಿಬೆಕ್‌ನಲ್ಲಿ ಜಾನ್-ಪೋಲ್ ದೊದಲೆ ತಂಡ 2009ರಲ್ಲಿ ಇಂಗಾಲದ ಸೂಕ್ಷ್ಮರಂಧ್ರಗಳಲ್ಲಿ ಕಬ್ಬಿಣವನ್ನು ನೆಲೆಗೊಳಿಸಿ ಪಡೆದ ಪ್ರವಾಹ ಆಶ್ಚರ್ಯಕರವಾಗಿದ್ದರೂ ಬಹುಕಾಲ ನಿಲ್ಲಲಿಲ್ಲ. ಲಾಸ್ ಅಲಮೋಸ್ ಪ್ರಯೋಗಾಲಯದವರು 2011ರಲ್ಲಿ ಪಾಲಿಅನಿಲಿನ್, ಕಬ್ಬಿಣ, ಕೋಬಾಲ್ಟುಗಳಿಂದ ಮಾಡಿದ ದ್ರವ್ಯ 0.4 ವೋಲ್ಟಿನಲ್ಲಿ 700 ಗಂಟೆ ತಾಳಿತು. ಪೆರಾಕ್ಸೈಡ್ ಕಬ್ಬಿಣದೊಡನೆ ಸೇರಿ ಹುಟ್ಟಿಸುವ ಉಗ್ರ ರ್ಯಾಡಿಕಲ್‌ಗಳು ಇಂಗಾಲವನ್ನೂ ಪೊರೆಯನ್ನೂ ತಿನ್ನುವುದು ಇಂದಿಗೂ ಮುಖ್ಯ ತೊಡಕು. ಕೆನಡದ ಬಲಾರ್ಡ್ ಸಂಸ್ಥೆ ಜಪಾನಿನ ನಿಶಿನ್‌ಬೊದೊಡನೆ ಕೂಡಿ ಕ್ಯಾಥೋಡಿನಲ್ಲಿ (ಆಮ್ಲಜನಕದ ಪಾರ್ಶ್ವದ ವಿದ್ಯುದ್ವಾರ) ಪ್ಲಾಟಿನಂ ಇಲ್ಲದ ಸಣ್ಣ ಕೋಶವನ್ನು 2017ರಲ್ಲಿ ಮಾರುಕಟ್ಟೆಗೆ ಘೋಷಿಸಿತು. ಅದರ ಸಾಮರ್ಥ್ಯ 30 ವಾಟ್.